ಐದು ಸಾವಿರ ತ್ರಿಕೋನ ಕತ್ತರಿಸುವವರು ಯಾರು?

ಗೇಮ್ ಪಾತ್ರಗಳನ್ನು ಕಾಗದದಲ್ಲಿ ಮಾಡುವ ಬಗ್ಗೆ ಈ ಸಲವೂ ಸಾಕಷ್ಟು ಪ್ರಶ್ನೆಗಳು ಬಂದಿವೆ. ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಕೇಳಿದವರ ಊರು ಮಾತ್ರ ಬೇರೆ. ಹಾಗಾಗಿ ಜಾಗವನ್ನೂ ಅದಕ್ಕೇ ಕೊಡುತ್ತಿದ್ದೇನೆ. ಮತ್ತೆ ಅದನ್ನೇ ಕೇಳಿದರೆ ಉತ್ತರ ಬರುವುದಿಲ್ಲ. ಕತ್ತರಿಸುವುದು, ಗೆರೆ ಗೀರುವುದು, ಮಡಿಸುವುದು ನಿಮಗೆ ಬರುತ್ತದೆ ಎಂದುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ‘ಬ್ರೆತ್ ಆಫ್ ದಿ ವೈಲ್ಡ್’ ಗೇಮಿನ ಲಿಂಕ್ ಪಾತ್ರದ 3ಡಿ ಮಾಡೆಲ್ ಸಿಕ್ಕಿತು. ಪೆಪಕುರಾ ಡಿಸೈನರ್‌ನಲ್ಲಿ ತೆರೆದು ಅನ್‌ಫೋಲ್ಡ್ ಒತ್ತಿದೆ. 60ಕ್ಕಿಂತ ಜಾಸ್ತಿ ಪುಟ ಬಂತು, ತುಂಡುಗಳು ತೀರಾ ಸಣ್ಣ. ಯಾವುದಾದರೂ ಸೆಟ್ಟಿಂಗ್ ತಪ್ಪಿದೆಯಾ? (ದಾವಣಗೆರೆ)

ಸೆಟ್ಟಿಂಗ್ ಸರಿಯಾಗಿಯೇ ಇದೆ. ಸಾಫ್ಟ್‌ವೇರ್ ತನ್ನ ಕೆಲಸ ಮಾಡಿದೆ, ನೀವು ನಿಮ್ಮದನ್ನು ಮಾಡಿಲ್ಲ.

ಪೆಪಕುರಾ ಮಾಡುವುದು ಇಷ್ಟೇ. ಕೊಟ್ಟ ಮಾಡೆಲಿನ ಎಲ್ಲ ಮೇಲ್ಮೈಗಳನ್ನೂ ಬಿಚ್ಚಿ ಹಾಳೆಯ ಮೇಲೆ ಹರಡುತ್ತದೆ. ಇದು ಕಾಗದಕ್ಕೆ ಒಗ್ಗುತ್ತದಾ ಅಂತ ಅದು ಯೋಚಿಸುವುದಿಲ್ಲ. ಗೇಮಿನ ಮಾಡೆಲ್ ಅಂದರೆ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿದ ಮೈ, ಅದು ಇರುವುದು ಗ್ರಾಫಿಕ್ಸ್ ಚಿಪ್ಪಿಗಾಗಿ. ಚಿಪ್ಪಿಗೆ ಐದು ಸಾವಿರ ತ್ರಿಕೋನ ಲೆಕ್ಕಕ್ಕೇ ಇಲ್ಲ. ಆದರೆ ಬ್ಲೇಡ್ ಹಿಡಿದು ಕೂರುವವರು ನೀವು. ಇನ್ನೊಂದು ವಿಷಯ: ಈಗಿನ ಪಾತ್ರಗಳು ಬಾಯಿ ತೆರೆಯಬೇಕು, ಕಣ್ಣು ಹೊರಳಿಸಬೇಕು. ಅದಕ್ಕೇ ಎಷ್ಟೋ ಮಾಡೆಲ್‌ಗಳಲ್ಲಿ ಬಾಯೊಳಗೆ ಹಲ್ಲು, ನಾಲಿಗೆ, ತಲೆಯೊಳಗೆ ಪೂರ್ತಿ ಕಣ್ಣುಗುಡ್ಡೆ ಎಲ್ಲ ಇರುತ್ತವೆ. ನಿಮ್ಮ ಪುಟಗಳಲ್ಲಿ ಹುಡುಕಿ ನೋಡಿ, ಸಿಗಬಹುದು. ತಲೆ ಮುಚ್ಚಿ ಅಂಟಿಸಿದ ಮೇಲೆ ಆ ಹಲ್ಲನ್ನು ನೋಡುವವರು ಯಾರು? ಮೊದಲು ಅವನ್ನು ಅಳಿಸಿ.

ಆಮೇಲೆ ಮಾಡೆಲ್ ಮುಟ್ಟುವ ಮೊದಲೇ ಎತ್ತರ ಎಷ್ಟು ಅಂತ ತೀರ್ಮಾನ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಕೊನೆಗೆ ಪ್ರಿಂಟ್ ಕೊಡುವಾಗ ಸ್ಕೇಲ್ ಎಳೆದಾಡುತ್ತಾರೆ. ಲಿಂಕ್‌ನ ಮೈಕಟ್ಟು ಹೆಚ್ಚುಕಡಿಮೆ ಮನುಷ್ಯರದ್ದೇ. ಅವನನ್ನು 25 ಸೆಂ.ಮೀ. ಎತ್ತರಕ್ಕೆ ಮಾಡಿದರೆ ತಲೆ ಸುಮಾರು 4 ಸೆಂ.ಮೀ. ಬರುತ್ತದೆ. ಆ ತಲೆಯಲ್ಲಿ ಮೂಗು ಎಷ್ಟು ದೊಡ್ಡದಿರುತ್ತದೆ, ನೀವೇ ಲೆಕ್ಕ ಹಾಕಿ. ನನ್ನ ಮಟ್ಟಿಗೆ 5 ಮಿ.ಮೀ.ಗಿಂತ ಚಿಕ್ಕ ಅಂಚು ಮಾಡೆಲ್‌ನಲ್ಲಿ ಇರಲೇಬಾರದು. 3 ಮಿ.ಮೀ. ಅಂಚನ್ನೂ ಅಂಟಿಸುತ್ತೇವೆ ಎನ್ನುವವರಿದ್ದಾರೆ, ಅಂಟಿಸಲಿ. ಹಾಗಾಗಿ ನಿಮಗೆ ಎರಡೇ ದಾರಿ. ಒಂದೋ 40 ಸೆಂ.ಮೀ. ದಾಟಿಸಿ, ಇಲ್ಲವೋ ತಲೆ ದೊಡ್ಡದು ಮಾಡಿ ಮೈ ಗಿಡ್ಡ ಮಾಡಿ. ಮಾರಿಯೋ ಕಾಗದದಲ್ಲಿ ಚೆನ್ನಾಗಿ ಕಾಣುವುದು ಇದಕ್ಕೇ. ಅವನ ತಲೆ ಹುಟ್ಟಿನಿಂದಲೇ ದೊಡ್ಡದು.

ಈಗ ತ್ರಿಕೋನ ಕಡಿಮೆ ಮಾಡುವ ಮಾತು. 3ಡಿ ಮಾಡೆಲ್ ತಿದ್ದುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಡೆಸಿಮೇಟ್ ಅಂತ ಒಂದು ಸೌಲಭ್ಯ ಇದೆ. ಹತ್ತು ನಿಮಿಷದ ವಿಡಿಯೊ ಮಾಡುವವರೆಲ್ಲ ಅದನ್ನೇ ತೋರಿಸಿ ‘ಅಷ್ಟೇ, ಮುಗೀತು’ ಅಂತಾರೆ. ಮುಗಿಯುವುದಿಲ್ಲ. ಡೆಸಿಮೇಟ್ ಸಂಖ್ಯೆ ನೋಡಿ ಕಡಿಮೆ ಮಾಡುತ್ತದೆ, ಅದಕ್ಕೆ ಮೂಗು ಯಾವುದು ಕೆನ್ನೆ ಯಾವುದು ಗೊತ್ತಿಲ್ಲ. ಎಡಗೆನ್ನೆ ಒಂದು ಥರ, ಬಲಗೆನ್ನೆ ಇನ್ನೊಂದು ಥರ ಬರುತ್ತದೆ. ಉದ್ದನೆಯ ಚೂಪು ತ್ರಿಕೋನಗಳು ಹುಟ್ಟುತ್ತವೆ, ಮಡಿಸುವಾಗ ಅವುಗಳ ತುದಿ ಮುರಿಯುತ್ತದೆ. ಇದನ್ನು ನಂಬಿ ಹಾಳು ಮಾಡಿಕೊಂಡ ಮುಖಗಳ ಫೋಟೊ ನನಗೆ ಬರುತ್ತಲೇ ಇರುತ್ತವೆ. ದಯವಿಟ್ಟು ಕಳಿಸಬೇಡಿ.

ಸರಿಯಾದ ದಾರಿ ನಿಧಾನದ್ದು. ಮೂಲ ಮಾಡೆಲನ್ನು ಅಚ್ಚಿನ ಹಾಗೆ ಕೆಳಗೆ ಇಟ್ಟುಕೊಂಡು ಅದರ ಮೇಲೆ ಹೊಸ ಮೇಲ್ಮೈಗಳನ್ನು ಕೈಯಿಂದಲೇ ಕಟ್ಟಿ. ಅರ್ಧ ಕಟ್ಟಿದರೆ ಸಾಕು, ಇನ್ನರ್ಧ ಮಿರರ್ ಮಾಡಬಹುದು. ಕಟ್ಟುವಾಗ ಪ್ರತಿ ಅಂಚಿಗೂ ಕೇಳಿಕೊಳ್ಳಿ: ಈ ಮಡಿಕೆ ಕಾಣುತ್ತದಾ? ಕಾಣದಿದ್ದರೆ ಅದು ಬೇಡ. ಬೆಲ್ಟಿನ ಬಕಲ್, ಅಂಗಿಯ ಹೊಲಿಗೆ, ಹುಬ್ಬು, ಇವನ್ನೆಲ್ಲ ಚಿತ್ರದಲ್ಲಿ ಬರೆಯಿರಿ. ಆಕಾರದಲ್ಲಿ ಮಾಡಲು ಹೋಗಬೇಡಿ. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಬೆರಳು ಒಟ್ಟಿಗೆ, ಅಷ್ಟು ಸಾಕು. ಇಡೀ ಪಾತ್ರ 600ರಿಂದ 800 ತ್ರಿಕೋನದೊಳಗೆ ಬಂದರೆ ಮನುಷ್ಯರು ಕತ್ತರಿಸಿ ಮುಗಿಸಬಹುದು.

ನಿಲ್ಲುವ ಭಂಗಿಯನ್ನೂ ಈ ಹಂತದಲ್ಲೇ ಕೊಡಬೇಕು. ಗೇಮ್ ಮಾಡೆಲ್‌ಗಳು ಕೈ ಚಾಚಿ ನಿಂತೇ ಸಿಗುತ್ತವೆ. ಹಾಳೆಗೆ ಬಿಚ್ಚಿ ಹರಡಿದ ಮೇಲೆ ಮೊಣಕೈ ಬಗ್ಗಿಸಲು ಆಗುವುದಿಲ್ಲ. ಮಾಡೆಲ್‌ನಲ್ಲೇ ಬಗ್ಗಿಸಿದಾಗ ಮೊಣಕೈ, ಕಂಕುಳು ಹಿಂಡಿಕೊಳ್ಳುತ್ತವೆ, ಆ ಜಾಗವನ್ನು ಮತ್ತೆ ಕೈಯಿಂದ ಸರಿಮಾಡಬೇಕು.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಪರದೆಯ ಮೇಲೆ ತೋಳು ಸುಮ್ನೆ ಎದೆಯೊಳಗೆ ತೂರಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಅಂಟಿದ ಹಾಗೇ ಕಾಣುತ್ತದೆ. ಕಾಗದದ ತೋಳು ಕಾಗದದ ಎದೆಯೊಳಗೆ ತೂರುವುದಿಲ್ಲ ಅಲ್ವಾ? ಎರಡೂ ಸೇರುವ ಗೆರೆಯಲ್ಲಿ ಕತ್ತರಿಸಿ, ಒಳಗೆ ಉಳಿದ ಭಾಗವನ್ನು ಅಳಿಸಿ, ತೋಳಿನ ಅಂಚೂ ಎದೆಯ ತೂತಿನ ಅಂಚೂ ಬಿಂದುವಿಗೆ ಬಿಂದು ಹೊಂದುವಂತೆ ಮಾಡಬೇಕು. ಕೂದಲು, ಕಿವಿ, ಖಡ್ಗದ ಒರೆ, ಎಲ್ಲದಕ್ಕೂ ಇದೇ. ಕೂದಲಿನ ಎಳೆಗಳು ಎಷ್ಟೋ ಸಲ ದಪ್ಪವೇ ಇಲ್ಲದ ಒಂಟಿ ಹಾಳೆಗಳಾಗಿರುತ್ತವೆ. ಅವಕ್ಕೆ ಹಿಂಬದಿಯೂ ಕೊಡಿ, ಇಲ್ಲದಿದ್ದರೆ ಹಿಂದಿನಿಂದ ನೋಡಿದವರಿಗೆ ಬಿಳಿ ಕಾಗದ ಕಾಣುತ್ತದೆ.

ಇಷ್ಟಾದ ಮೇಲೆ ಬಿಡಿಸುವುದು. ಆಗಲೂ ಅನ್‌ಫೋಲ್ಡ್ ಒತ್ತಿ ಕೈಕಟ್ಟಿ ಕೂರಬೇಡಿ. ಗೋಳವನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಆಗುವುದಿಲ್ಲ ಅಂತ ಗಣಿತಜ್ಞ ಗೌಸ್ ಸುಮಾರು 200 ವರ್ಷದ ಹಿಂದೆಯೇ ತೋರಿಸಿದ್ದಾನೆ. ಸಾಫ್ಟ್‌ವೇರ್ ಬದಲಾಯಿಸಿದರೆ ಅದು ಬದಲಾಗುವುದಿಲ್ಲ. ದುಂಡಗಿನ ತಲೆಯನ್ನು ಎಲ್ಲೋ ಒಂದು ಕಡೆ ಸೀಳಲೇಬೇಕು. ಎಲ್ಲಿ ಎನ್ನುವುದಷ್ಟೇ ನಿಮ್ಮ ಕೈಯಲ್ಲಿರುವುದು. ಕಿತ್ತಳೆ ತೊಳೆಯ ಹಾಗೆ ಮೇಲಿನಿಂದ ಕೆಳಕ್ಕೆ ಸೀಳಬಹುದು, ಅಡ್ಡ ಪಟ್ಟಿಗಳಾಗಿಯೂ ಸೀಳಬಹುದು. ಸಾಫ್ಟ್‌ವೇರಿಗೆ ಬಿಟ್ಟರೆ ಕಣ್ಣಿನ ಮಧ್ಯೆಯೇ ಸೀಳಿದರೂ ಸೀಳೀತು. ನನ್ನ ನಿಯಮ ಒಂದೇ: ಎರಡು ಕಣ್ಣು, ಮೂಗಿನ ಮೇಲ್ಭಾಗ, ಬಾಯಿ ಒಂದೇ ತುಂಡಿನಲ್ಲಿ ಇರಬೇಕು. ಇದಕ್ಕಾಗಿ ಮುಖವನ್ನು ಸ್ವಲ್ಪ ಚಪ್ಪಟೆ ಮಾಡಬೇಕಾಗಿ ಬಂದರೂ ಮಾಡಿ. ಸೀಳುಗಳು ಕೂದಲಿನ ಅಂಚಿಗೆ, ದವಡೆಯ ಕೆಳಗೆ, ಕಂಕುಳಿಗೆ, ಬೆಲ್ಟಿನ ಗೆರೆಗೆ ಹೋಗಲಿ. ಬಣ್ಣ ಹೇಗೂ ಬದಲಾಗುವ ಕಡೆ ಸೀಳಿದರೆ ಯಾರಿಗೂ ಕಾಣುವುದಿಲ್ಲ. ಸೀಳುವ ಗೆರೆ ಗುರುತು ಮಾಡಲು ಬ್ಲೆಂಡರ್‌ನಲ್ಲಿ ಮಾರ್ಕ್ ಸೀಮ್ ಇದೆ, ಪೆಪಕುರಾದಲ್ಲೂ ಅಂಚು ಬಿಡಿಸಿ ಕೂಡಿಸುವ ಸಾಧನ ಇದೆ. ಬಹುಪಾಲು ಹೊತ್ತು ಅಲ್ಲೇ ಹೋಗಬೇಕು. ಹೆಚ್ಚುಕಡಿಮೆ ಚಪ್ಪಟೆಯಾಗಿರುವ ಮಡಿಕೆಗಳ ಗೆರೆ ಪ್ರಿಂಟ್ ಆಗದಂತೆ ಅಡಗಿಸುವ ಸೆಟ್ಟಿಂಗ್ ಕೂಡ ಪೆಪಕುರಾದಲ್ಲಿದೆ. ನೀವು ಸೆಟ್ಟಿಂಗ್ ಕೇಳಿದ್ದಿರಲ್ಲ, ಬದಲಿಸಬೇಕಾದದ್ದು ಅದೊಂದೇ.

ಕೊನೆಯ ತುಂಡು ಯಾವುದು ಅಂತಲೂ ಈಗಲೇ ಗೊತ್ತಿರಬೇಕು. ಮುಚ್ಚುವ ತುಂಡಿನ ಒಳಗೆ ಬೆರಳು ಹೋಗುವುದಿಲ್ಲ, ಒಳಗಿನಿಂದ ಒತ್ತಿ ಹಿಡಿಯಲು ಆಗುವುದಿಲ್ಲ. ಆದ್ದರಿಂದ ಅದು ದೊಡ್ಡದಾಗಿ, ಚಪ್ಪಟೆಯಾಗಿ, ಕಣ್ಣಿಗೆ ಬೀಳದ ಕಡೆ ಇರಬೇಕು. ಬೂಟಿನ ತಳ ಒಳ್ಳೆಯ ಜಾಗ. ಮುಚ್ಚುವ ಮೊದಲು ಬೂಟಿನೊಳಗೆ ಒಂದೆರಡು ನಾಣ್ಯ ಅಂಟಿಸಿ. ತಲೆ ದೊಡ್ಡದು ಮಾಡಿ ಅಂತ ನಾನೇ ಹೇಳಿದ್ದೇನಲ್ಲ, ಭಾರ ಇಲ್ಲದಿದ್ದರೆ ಮುಗ್ಗರಿಸುತ್ತಾನೆ.

ಬಣ್ಣದ ಪ್ರಿಂಟ್ ತೆಗೆಸುವ ಮೊದಲು ತಲೆಯನ್ನು ಮಾತ್ರ ಬಿಳಿ ಹಾಳೆಯಲ್ಲಿ ಒಮ್ಮೆ ಕಟ್ಟಿ ನೋಡಿ. ಆಮೇಲೆ ಮತ್ತೆ ಬ್ಲೆಂಡರ್‌ಗೆ ಹೋಗುತ್ತೀರಿ, ಖಂಡಿತ.

ಪ್ರಶ್ನೆ: ಹಳೆಯ ಗೇಮುಗಳ ಪಾತ್ರ ಸುಲಭ ಅಂತಾರೆ. ನಿಜವಾ? (ಹುಬ್ಬಳ್ಳಿ)

ಆಕಾರ ಸುಲಭ, ಬಣ್ಣ ಅಲ್ಲ. 1996ರ ‘ಸೂಪರ್ ಮಾರಿಯೋ 64’, 1997ರ ‘ಫೈನಲ್ ಫ್ಯಾಂಟಸಿ 7’, 1998ರ ‘ಆಕರೀನಾ ಆಫ್ ಟೈಮ್’, ಇವುಗಳ ಪಾತ್ರಗಳಿಗೆ ಕೆಲವು ನೂರು ತ್ರಿಕೋನವಷ್ಟೇ. ಆಗಿನ ಯಂತ್ರಗಳಿಗೆ ಅದಕ್ಕಿಂತ ಜಾಸ್ತಿ ಎಳೆಯಲು ಕಷ್ಟವಾಗುತ್ತಿತ್ತು. ಆ ಬಡತನ ನಮಗೆ ವರ. ಆದರೆ ಮಾರಿಯೋ, ಆಕರೀನಾ ಓಡುತ್ತಿದ್ದ ನಿಂಟೆಂಡೊ 64 ಯಂತ್ರದಲ್ಲಿ ಟೆಕ್ಸ್ಚರ್, ಅಂದರೆ ಮಾಡೆಲಿನ ಮೈಗೆ ಅಂಟಿಸುವ ಚಿತ್ರ, ಇಡುವ ಮೆಮೊರಿ ಬರೀ 4 ಕೆಬಿ. 5 ಸೆಂ.ಮೀ. ಅಗಲದ ಮುಖ ಸ್ಪಷ್ಟವಾಗಿ ಪ್ರಿಂಟ್ ಆಗಲು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 600 ಪಿಕ್ಸೆಲ್ ಬೇಕು, ಅದರ ಹತ್ತನೇ ಒಂದು ಪಾಲೂ ಅಲ್ಲಿ ಸಿಗುವುದು ಕಷ್ಟ. ಕಣ್ಣನ್ನು ನೀವೇ ಹೊಸದಾಗಿ ಬರೆಯಿರಿ. ಆ ಮಾರಿಯೋನ ಮೈಗೆ ಚಿತ್ರವೇ ಇಲ್ಲ, ಬರೀ ಬಣ್ಣ ತುಂಬಿದ ಮೇಲ್ಮೈಗಳು. ಚಿತ್ರ ಇರುವುದು ಕಣ್ಣು, ಮೀಸೆ, ಗುಂಡಿ, ಟೋಪಿಯ ‘ಎಂ’ ಇಂಥ ಕೆಲವಕ್ಕೆ ಮಾತ್ರ. ಫೈಲ್ ಬದಲಾಯಿಸುವಾಗ ಆ ಬಣ್ಣ ಹಾರಿಹೋಗಿ ಮಾಡೆಲ್ ಬಿಳಿಯಾಗಿ ತೆರೆದುಕೊಂಡರೆ ಹೆದರಬೇಡಿ, ಬಣ್ಣ ಕೊಡಿ.

ಪ್ರಶ್ನೆ: ಒಂದು ಫೋಟೊ ಕೊಟ್ಟರೆ ಎಐ ಪೇಪರ್‌ಕ್ರಾಫ್ಟ್ ಟೆಂಪ್ಲೇಟ್ (ಕತ್ತರಿಸಿ ಅಂಟಿಸುವ ನಕ್ಷೆ) ಮಾಡಿಕೊಡುತ್ತಂತೆ. ಆನ್‌ಲೈನ್ ಕೋರ್ಸ್ ಕೂಡ ಇದೆ, ಸೇರಲಾ? (ಮೈಸೂರು)

ಬೇಡ. ಚಿತ್ರ ಬರೆಯುವ ಎಐ ಕೊಡುವುದು ಟೆಂಪ್ಲೇಟಿನ ಚಿತ್ರವನ್ನು, ಟೆಂಪ್ಲೇಟನ್ನಲ್ಲ. ಅದರಲ್ಲಿ ಒಂದಕ್ಕೊಂದು ಸೇರಬೇಕಾದ ಎರಡು ಅಂಚುಗಳನ್ನು ಸ್ಕೇಲ್ ಇಟ್ಟು ಅಳೆದು ನೋಡಿ. ಇದನ್ನು ದುಡ್ಡು ತಗೊಂಡು ಕಲಿಸುವವರ ಬಗ್ಗೆ ನಾನು ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ.

ಪ್ರಶ್ನೆ: ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಇದ್ದರೇ ಗಟ್ಟಿ ಅಂತ ಅಂಗಡಿಯವರು ಹೇಳಿದರು. (ತುಮಕೂರು)

ಅಂಗಡಿಯವರು ಅದರಲ್ಲಿ ಮೂಗು ಮಡಿಸಿ ತೋರಿಸಲಿ. 160ರಿಂದ 200 ಸಾಕು, ಸಣ್ಣ ತುಂಡಿಗೆ ಇನ್ನೂ ತೆಳುವಾದರೂ ಪರವಾಗಿಲ್ಲ. ಮಾದರಿ ಗಟ್ಟಿಯಾಗಿ ನಿಲ್ಲುವುದು ಅದರ ಆಕಾರದಿಂದ. ಎದೆ, ಹೊಟ್ಟೆ ಕುಸಿಯುತ್ತಿದ್ದರೆ ಒಳಗೆ ಅಡ್ಡಲಾಗಿ ಒಂದು ರಟ್ಟಿನ ತುಂಡು ಕೊಡಿ.

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿದರೆ ಮಡಿಕೆಯಲ್ಲಿ ಬಣ್ಣ ಉದುರಿ ಬಿಳಿ ಗೆರೆ ಕಾಣುತ್ತದೆ. (ಶಿವಮೊಗ್ಗ)

ಲೇಸರ್‌ನಲ್ಲಿ ಟೋನರ್ ಎಂಬ ಬಣ್ಣದ ಪುಡಿ ಕಾಗದದ ಮೇಲೆ ಪದರವಾಗಿ ಕೂರುತ್ತದೆ, ಮಡಿಸಿದರೆ ಒಡೆಯುತ್ತದೆ. ಅದೇ ಬಣ್ಣದ ಕಲರ್ ಪೆನ್ಸಿಲ್‌ನಿಂದ ಮಡಿಕೆ, ಕತ್ತರಿಸಿದ ಅಂಚು ಎರಡಕ್ಕೂ ತೀಡಿ. ಇಂಕ್‌ಜೆಟ್‌ನಲ್ಲಿ ಹೀಗಾಗುವುದಿಲ್ಲ, ಆದರೆ ಸಾಮಾನ್ಯ ಶಾಯಿ ಒದ್ದೆ ಬೆರಳು ತಾಗಿದರೆ ಹರಡುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಒಂದು ದಿನ ಪೂರ್ತಿ ಒಣಗಲು ಬಿಡಿ.

ಪ್ರಶ್ನೆ: ಫೆವಿಕ್ವಿಕ್ ಹಾಕಬಹುದಾ? (ಕಲಬುರಗಿ)

ಹಾಕಿ, ಬೆರಳೂ ಸೇರಿಸಿ ಅಂಟಿಸಿಕೊಳ್ಳಿ. ಸಾಮಾನ್ಯ ಬಿಳಿ ಫೆವಿಕಾಲ್ ಸಾಕು. ಕಡ್ಡಿಯ ತುದಿಯಲ್ಲಿ ತೆಗೆದು ತೆಳ್ಳಗೆ ಸವರಿ. ಹಾಳೆ ಸುಕ್ಕುಗಟ್ಟಿದರೆ ಜಾಸ್ತಿ ಆಯಿತು ಅಂತ ಅರ್ಥ.

ಪ್ರಶ್ನೆ: ಕಾಗದದಲ್ಲಿ ‘ಹೇಲೋ’ ಗೇಮಿನ ಹೆಲ್ಮೆಟ್ ಮಾಡಿದ್ದೇನೆ. ರೂಮಿನಲ್ಲೇ ರೆಸಿನ್ ಬಳಿದು ಗಟ್ಟಿ ಮಾಡಬಹುದಾ? (ಬೆಂಗಳೂರು)

ಪಿಜಿ ರೂಮಿನಲ್ಲಾ? ಬೇಡವೇ ಬೇಡ. ಫೈಬರ್‌ಗ್ಲಾಸ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ನಿಂದ ಸ್ಟೈರೀನ್ ಆವಿ ಬರುತ್ತದೆ. ಗಟ್ಟಿಯಾದ ಮೇಲೆ ಉಜ್ಜಿದರೆ ಏಳುವ ಧೂಳೂ ಕೆಟ್ಟದ್ದೇ. ಬಯಲಿನಲ್ಲಿ, ಆವಿ ತಡೆಯುವ ಫಿಲ್ಟರ್ ಇರುವ ರೆಸ್ಪಿರೇಟರ್ ಹಾಕಿಕೊಂಡು ಮಾಡುವ ಕೆಲಸ ಇದು. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ತೋರಿಸುವ ವಿಡಿಯೊ ನಂಬಬೇಡಿ. ಇಷ್ಟು ಹೇಳಿದರೂ ಮಾಡುತ್ತೀರಿ ಅಂತ ಗೊತ್ತು. ಬಾಗಿಲು ತೆಗೆದಿಟ್ಟರೆ ಸಾಕಲ್ವಾ ಅಂತ ಮತ್ತೆ ಬರೆಯಬೇಡಿ, ಸಾಕಾಗುವುದಿಲ್ಲ.

ಪ್ರಶ್ನೆ: ಏಳು ವರ್ಷದ ಮಗನಿಗೆ ಯಾವ ಪಾತ್ರ ಕೊಡಲಿ? (ಮಂಗಳೂರು)

ಮೈನ್‌ಕ್ರಾಫ್ಟ್‌ನ ಸ್ಟೀವ್. ಆರು ಡಬ್ಬಿ, ಅಷ್ಟೇ. ತಲೆ 8 ಪಿಕ್ಸೆಲ್‌ನ ಘನ, ಮೈ 8, 12, 4. ಕೈ ಕಾಲು ತಲಾ 4, 12, 4. ಒಂದು ಪಿಕ್ಸೆಲ್‌ಗೆ 5 ಮಿ.ಮೀ. ಇಟ್ಟರೆ 16 ಸೆಂ.ಮೀ. ಎತ್ತರ ಬರುತ್ತದೆ. ಗ್ರಾಫ್ ಹಾಳೆಯಲ್ಲಿ ಅವನೇ ಬರೆದು ಬಣ್ಣ ಹಚ್ಚಬಹುದು, ಪ್ರಿಂಟರ್ ಕೂಡ ಬೇಡ. ತುದಿ ಮೊಂಡಾದ ಕತ್ತರಿ ಕೊಡಿ. ಕಟರ್ ಬ್ಲೇಡ್ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಪೆಪಕುರಾ ಡಿಸೈನರ್ ಓಡುವುದಿಲ್ಲ. (ಉಡುಪಿ)

ಅದು ವಿಂಡೋಸ್‌ಗೆ ಮಾಡಿದ್ದು. ಬ್ಲೆಂಡರ್‌ಗೆ ಪೇಪರ್ ಮಾಡೆಲ್ ಎಕ್ಸ್‌ಪೋರ್ಟ್ ಮಾಡುವ ಆಡ್-ಆನ್ ಇದೆ, ಉಚಿತ.

ಪ್ರಶ್ನೆ: ಪಿಕಾಚು, ಮಾರಿಯೋ ಕಿಟ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರಬಹುದಾ? ಟೆಂಪ್ಲೇಟ್ ನಾನೇ ಮಾಡಿದ್ದು. (ಬೆಳಗಾವಿ)

ಟೆಂಪ್ಲೇಟ್ ನಿಮ್ಮದು, ಪಾತ್ರ ನಿಮ್ಮದಲ್ಲ. ಮನೆಯ ಶೋಕೇಸಿಗೆ ಮಾಡಿಕೊಳ್ಳುವುದು ಒಂದು, ಅನುಮತಿ ಇಲ್ಲದೆ ಮಾರುವುದು ಇನ್ನೊಂದು. ಬೇರೆಯವರು ಉಚಿತವಾಗಿ ಹಂಚಿದ ಟೆಂಪ್ಲೇಟನ್ನು ಹೆಸರು ಅಳಿಸಿ ಮಾರುವವರು ಇನ್ನೂ ಕಡೆ. ಅಂಥವರಿಂದ ಕೊಂಡು, ‘ತುಂಡು ಹೊಂದುತ್ತಿಲ್ಲ, ಸರಿಮಾಡಿಕೊಡಿ’ ಅಂತ ನನಗೆ ಬರೆಯುವವರೂ ಇದ್ದಾರೆ. ಮಾಡಿಕೊಡುವುದಿಲ್ಲ.

ಪ್ರಶ್ನೆ: ನಿಮ್ಮ ಹತ್ತಿರ ಇರುವ ಪೆಪಕುರಾದ ಪಿಡಿಒ ಫೈಲುಗಳನ್ನೆಲ್ಲ ಕಳಿಸಿ ಮೇಡಂ. (ಹಲವರು)

ಇಲ್ಲ.