ಅಣ್ಣನನ್ನು ಕ್ಷಮಿಸಿದರೆ ಕೇಸೂ ಬಿಡಬೇಕೇ?

ಗುಳೇದಗುಡ್ಡದ ಸಹೋದರಿಯೊಬ್ಬರು ಬರೆದಿದ್ದಾರೆ: ‘ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಬ್ಯಾಂಕಿನ ಕಾಗದ ಅಂತ ಹೇಳಿ ಅಣ್ಣ ಹಕ್ಕುಬಿಡುಗಡೆ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡ. ಕೇಸು ನಡೆದಿದೆ. ಈಗ ಅವನಿಗೆ ಲಕ್ವ ಹೊಡೆದಿದೆ. ಕ್ಷಮಿಸಿ ಕೇಸು ವಾಪಸ್ ತಗೋ ಅಂತ ವೈನಿ ಹೇಳಿ ಕಳಿಸಿದ್ದಾಳೆ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ನಾನು ಎಂಥ ಕ್ರೈಸ್ತಳು?’

ಸಹೋದರಿ, ಬಾಯಿಪಾಠ ಒಪ್ಪಿಸುವವರಿಗೆ ಅಲ್ಲಿ ಬಾಯಿ ಕಟ್ಟುವುದಿಲ್ಲ. ನೀವು ಆ ಮಾತನ್ನು ನಿಜವಾಗಿ ಹೇಳಬೇಕೆಂದಿದ್ದೀರಿ, ಅದಕ್ಕೇ ಕಷ್ಟವಾಗಿದೆ.

ವೈನಿ ಕ್ಷಮೆಯನ್ನೂ ಕೇಸನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದ್ದಾರೆ. ಅದನ್ನು ಮೊದಲು ಬಿಚ್ಚಿ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಯೇಸು ಪೇತ್ರನಿಗೆ ಹೇಳಿದ್ದು ಬೈಬಲಿನ ಮತ್ತಾಯ 18ರಲ್ಲಿ. ಅದರ ಬೆನ್ನಿಗೇ ಬರುವ ಸಾಮ್ಯದಲ್ಲಿ ಅರಸನು ತನ್ನ ಆಳೊಬ್ಬನ ಸಾಲ ಬಿಟ್ಟದ್ದು ಲೆಕ್ಕ ತೆಗೆಸಿದ ಮೇಲೆ. ಎಷ್ಟು ಬಾಕಿ ಎಂದು ಗೊತ್ತಾದ ಮೇಲೆಯೇ ಮನ್ನಾ. ಆ ಆಳಿಗೆ ಜೊತೆಯ ಆಳು ಕೊಡಬೇಕಿದ್ದ ನೂರು ದಿನಾರಿಯೂ ಪುಡಿಗಾಸಲ್ಲ, ದಿನಕ್ಕೊಂದರಂತೆ ನೂರು ದಿನದ ಕೂಲಿ. ಖಣ ನೇಯುವ ಊರಿನವರಾದ ನಿಮಗೆ ಅದು ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರಸನು ಬಿಟ್ಟ ಹತ್ತು ಸಾವಿರ ತಲಾಂತಿನ ಮುಂದೆ ಅದು ಸಣ್ಣದು, ನಿಜ. ಆದರೆ ನಿಮಗಾದ ನಷ್ಟ ನಷ್ಟವೇ ಅಲ್ಲ ಎಂದು ಕರ್ತನು ಎಲ್ಲಿಯೂ ಹೇಳಿಲ್ಲ. ಯೋಸೇಫನೂ ಅಷ್ಟೇ. ತನ್ನನ್ನು ಮಾರಿದ ಅಣ್ಣಂದಿರು ಎದುರು ಬಂದ ದಿನವೇ ಅಪ್ಪಿಕೊಳ್ಳಲಿಲ್ಲ. ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ದಾಸನಾಗುತ್ತೇನೆಂದು ಆ ಅಣ್ಣಂದಿರಲ್ಲೊಬ್ಬನಾದ ಯೆಹೂದನು ಬೇಡಿಕೊಂಡಾಗ ಅವರೆದುರು ಅತ್ತು, ತಾನು ಯಾರೆಂದು ಹೇಳಿದನು.

ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದನ್ನು ಕೇಳುವುದು ದ್ವೇಷವಲ್ಲ. ಅಣ್ಣನಿಗೆ ಕೇಡಾಗಲಿ ಎಂದು ಒಳಗೊಳಗೇ ಹಾರೈಸುತ್ತಿದ್ದರೆ ಅದು ದ್ವೇಷ. ಬಿಡಬೇಕಾದದ್ದು ಅದನ್ನು, ಅದೂ ಒಂದೇ ದಿನದಲ್ಲಿ ಬಿಡುವಂಥದ್ದಲ್ಲ. ಅವನ ಹೆಸರು ಹಿಡಿದು, ಕೈಕಾಲು ನೆಟ್ಟಗಾಗಲಿ ಎಂದು ದಿನಾ ಪ್ರಾರ್ಥಿಸಿ. ಮೊದಮೊದಲು ಮನಸ್ಸು ಒಪ್ಪದಿದ್ದರೂ ಪ್ರಾರ್ಥಿಸಿ.

ಅವನನ್ನು ನೋಡಲು ತಪ್ಪದೆ ಹೋಗಿ, ತಡಮಾಡಬೇಡಿ. ಸಭೆಯ ಹಿರಿಯರಿಬ್ಬರು ಜೊತೆಗಿರಲಿ. ಇಬ್ಬರ ನಡುವೆ ಬಗೆಹರಿಯದ ತಪ್ಪಿಗೆ ಮತ್ತಾಯ 18 ತೋರಿಸುವ ದಾರಿ ಅದು. ‘ಅಣ್ಣಾ, ನೀ ನನಗ ಮೋಸ ಮಾಡಿದಿ. ಆದರೂ ನಿನಗ ಕೆಟ್ಟದ್ದು ಬಯಸೂದಿಲ್ಲ’ ಎಂದು ಅವರೆದುರೇ ಹೇಳಿ. ಅವನು ತಪ್ಪೊಪ್ಪಿಕೊಂಡು ಪತ್ರ ರದ್ದು ಮಾಡಿಸಿದರೆ ರಾಜಿ ಮಾಡಿಕೊಳ್ಳಬಹುದು. ಮುಂದೆ ನಿಮ್ಮ ಪಾಲನ್ನು ಅವನ ಮಕ್ಕಳಿಗೇ ಕೊಡಬೇಕೆನಿಸಿದರೂ ಕೊಡಿ, ಓದಿ ತಿಳಿದು ಕೊಡಿ. ನೋಡಲು ಹೋದ ದಿನ ಮಾತ್ರ ವೈನಿ ಯಾವ ಕಾಗದ ಮುಂದಿಟ್ಟರೂ ಸಹಿ ಹಾಕದೆ ವಕೀಲರಿಗೆ ತೋರಿಸಿ.