ಓದುಗರ ಪ್ರಶ್ನೆ: ಕಾಂಡ್ಲಾ ಕಾಡಿನಲ್ಲಿ ಮಾತು ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ಕೋಡಿಬೆಂಗ್ರೆಯ ಸಮೀಪ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯಲ್ಲಿ, ಪ್ರವಾಸಿಗರನ್ನು ದೋಣಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಕರೆದೊಯ್ದು ವಿವರಿಸುವ ಕೆಲಸಕ್ಕೆ ಈ ವರ್ಷ ಸೇರಿದ್ದೇನೆ. ಸಸ್ಯಶಾಸ್ತ್ರದಲ್ಲಿ ಪದವಿಯಾಗಿದೆ. ಪ್ರತಿ ಗಿಡದ ವೈಜ್ಞಾನಿಕ ಹೆಸರು, ಕುಟುಂಬ, ಉಪಯೋಗಗಳನ್ನು ಬಿಡದೆ ಹೇಳುತ್ತೇನೆ. ಆದರೂ ಹತ್ತು ನಿಮಿಷದೊಳಗೆ ಎಲ್ಲರ ಕೈಯಲ್ಲೂ ಮೊಬೈಲ್ ಬಂದಿರುತ್ತದೆ. ಜನ ಆಸಕ್ತಿಯಿಂದ ಕೇಳುವಂತೆ ಹೇಳುವುದನ್ನು ಕಲಿಯುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಪತ್ರದಲ್ಲಿಯೇ ಕಾರಣವೂ ಇದೆ. ನೀವು ಗಿಡದ ಹೆಸರಿನಿಂದ ಆರಂಭಿಸುತ್ತಿದ್ದೀರಿ. ಬಂದವರಿಗಾದರೋ ಆ ಗಿಡ ಇನ್ನೂ ಕಣ್ಣಿಗೇ ಬಿದ್ದಿರುವುದಿಲ್ಲ. ಪ್ರವಾಸಿಗರಿಗೆ ನಿಸರ್ಗವನ್ನು ವಿವರಿಸುವ ಈ ವಿದ್ಯೆಯ ಸೂತ್ರಗಳನ್ನು 1957ರಲ್ಲಿ ಬರೆದಿಟ್ಟ ಅಮೆರಿಕದ ಫ್ರೀಮನ್ ಟಿಲ್ಡನ್, ಇದರ ಉದ್ದೇಶ ಪಾಠ ಹೇಳುವುದಲ್ಲ, ಕುತೂಹಲವನ್ನು ಕೆರಳಿಸುವುದು ಎಂದಿದ್ದರು. ಪದವಿ ಪಡೆದವರಿಗೆ ಇದನ್ನು ಒಪ್ಪುವುದು ಸ್ವಲ್ಪ ಕಷ್ಟ, ನನಗೂ ಕಷ್ಟವಾಗಿತ್ತು. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಒಮ್ಮೆ ಶಾಲಾ ಮಕ್ಕಳಿಗೆ ಮರಗಳ ಬಗ್ಗೆ ಅರ್ಧ ತಾಸು ಮಾತನಾಡಿದ ಮೇಲೆ, ಅವರೆಲ್ಲರೂ ನನ್ನ ಬೆನ್ನ ಹಿಂದೆ ಚಗಳಿ ಇರುವೆಗಳು ಎಲೆಗಳನ್ನು ಹೊಲಿದು ಕಟ್ಟಿದ್ದ ಗೂಡನ್ನು ನೋಡುತ್ತಿದ್ದರೆಂಬುದು ತಿಳಿಯಿತು. ಅಂದಿನ ಪಾಠ ಆ ಗೂಡೇ ಆಗಬೇಕಿತ್ತು.

ಒಂದು ದೋಣಿ ಸುತ್ತಾಟಕ್ಕೆ ಒಂದೇ ವಾಕ್ಯವನ್ನು ಇಟ್ಟುಕೊಳ್ಳಿ. ಉದಾಹರಣೆಗೆ, "ಉಪ್ಪುನೀರಿನಲ್ಲಿ ನಿಂತು ಬದುಕಲು ಈ ಮರಗಳು ಉಪಾಯ ಕಂಡುಕೊಂಡಿವೆ." ಈ ವಾಕ್ಯಕ್ಕೆ ಸಂಬಂಧಿಸದ ಸಂಗತಿ ಎಷ್ಟೇ ಚಂದವಿದ್ದರೂ ಮತ್ತೊಂದು ದಿನಕ್ಕಿರಲಿ. ಮೊದಲು ದೋಣಿಯನ್ನು ಅವಿಸೀನಿಯಾ ಮರದ ಪಕ್ಕದಲ್ಲಿ ನಿಲ್ಲಿಸಿ, ಏನನ್ನೂ ವಿವರಿಸದೆ, ಬಿಸಿಲು ಬಿದ್ದ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿಕೊಳ್ಳಲು ಹೇಳಿ. "ಅಯ್ಯೋ, ಉಪ್ಪು!" ಎಂದು ಯಾರಾದರೂ ಕೂಗುತ್ತಾರೆ. ಬೇರು ಹೀರಿಕೊಂಡ ಉಪ್ಪನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ ಎಂಬ ಮಾತಿಗೆ ಆಗ ಕಿವಿಗಳು ಸಿದ್ಧವಾಗಿರುತ್ತವೆ, ಮರದ ಹೆಸರನ್ನು ಅವರೇ ಕೇಳುತ್ತಾರೆ. ಮುಂದೆ ರೈಝೋಫೋರಾ ಮರದಲ್ಲಿ ನುಗ್ಗೆಕಾಯಿಯಂತೆ ನೇತಾಡುವುದನ್ನು ತೋರಿಸಿ, ಇದು ಕಾಯಿಯೋ ಬೇರೋ ಎಂದು ಕೇಳಿ. ಬೀಜ ತಾಯಿಮರದಲ್ಲೇ ಮೊಳೆತು ಸಸಿಯಾಗಿ, ಆಮೇಲೆ ಕೆಸರಿಗೆ ಬೀಳುತ್ತದೆ ಎಂಬುದನ್ನು ಅವರು ಊಹಿಸುವವರೆಗೆ ಕಾಯಿರಿ. ಮಧ್ಯಾಹ್ನ ಸಿಗಡಿ ತಿಂದು ಬಂದವರಿಗೆ, ಸಿಗಡಿಯ ಮರಿಗಳು ಬೆಳೆಯುವ ತೊಟ್ಟಿಲು ಈ ಬೇರುಗಳ ಸಂದಿಯೇ ಎಂದು ಹೇಳಿದರೆ ಕಾಡಿಗೂ ಅವರ ಊಟಕ್ಕೂ ನಂಟು ತಾನಾಗಿ ಬೆಸೆಯುತ್ತದೆ.

ಇನ್ನೊಂದು ಮಾತು, ಇದನ್ನು ಹಲವರು ಮರೆಯುತ್ತಾರೆ: ನಿಮ್ಮ ವೇಳಾಪಟ್ಟಿ ಗಡಿಯಾರದ ಪ್ರಕಾರವಲ್ಲ, ಭರತ-ಇಳಿತದ ಪ್ರಕಾರ ನಡೆಯಬೇಕು. ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು ನೀರಿಳಿದಾಗಲೇ ಕಾಣುತ್ತವೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಬೆಳಿಗ್ಗೆ ಒಂಬತ್ತಕ್ಕೇ ಎಂದು ನಿಗದಿ ಮಾಡಿದ ಕಾರ್ಯಕ್ರಮದಲ್ಲಿ ಒಂದು ವಾರ ಬೇರು ಕಂಡರೆ ಮುಂದಿನ ವಾರ ಬರೀ ನೀರು. ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ಜೊತೆ ಒಂದು ತಿಂಗಳು ಕೆಸರಿಗೆ ಇಳಿದರೆ, ಯಾವ ತರಬೇತಿಯೂ ಕೊಡದ ನೀರಿನ ಲೆಕ್ಕ ನಿಮಗೆ ಸಿಗುತ್ತದೆ.

ಪ್ರಶ್ನೆ: ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಿಗೆ ವಿವರ ಹೇಳುತ್ತೇನೆ. ಅಲ್ಲಿನ ಕಲ್ಲುಗಳ ವಯಸ್ಸು "8.8 ಕೋಟಿ ವರ್ಷ" ಎಂದರೆ ಯಾರ ಮುಖದಲ್ಲೂ ಬದಲಾವಣೆಯಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಅಂಕಿಯನ್ನು ಕೊನೆಗೆ ಹೇಳಿ. ಕಂಬದಂತಹ ಕಲ್ಲುಗಳ ತಲೆಯ ಮೇಲೆ ಕೈಯಿಡಿಸಿ, ಮೂಲೆಗಳನ್ನು ಅವರೇ ಎಣಿಸಲಿ. ಐದು, ಆರು, ಕೆಲವಕ್ಕೆ ಏಳು ಎಂದು ಮಕ್ಕಳು ಜಗಳಾಡಲಿ. ನೀರು ಬತ್ತಿದ ಗದ್ದೆಯ ಕೆಸರು ಬಿರಿದು ಹೋಳುಹೋಳಾಗುವುದನ್ನು ಕಂಡಿದ್ದೀರಾ ಎಂದು ಆಮೇಲೆ ಕೇಳಿ. ಒಣಗಿದ ಕೆಸರು ಕುಗ್ಗಿ ಬಿರಿಯುವಂತೆ, ಲಾವಾ ತಣಿಯುತ್ತಾ ಕುಗ್ಗಿ ಬಿರಿದು, ಆ ಬಿರುಕು ಆಳಕ್ಕೆ ಇಳಿದಾಗ ಈ ಕಂಬಗಳಾದವು. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಲಾವಾ ಇದು ಎಂಬುದನ್ನು ಪಶ್ಚಿಮದ ಕಡಲಿನತ್ತ ಕೈತೋರಿಸಿ ಹೇಳಿದರೆ ಸಾಕು, ನಕಾಶೆ ಬೇಕಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ ಎಂಬ ಮಾತನ್ನು ಮರಳುವ ದೋಣಿಯಲ್ಲಿ, ಯಾರಾದರೂ ಕಲ್ಲಿನ ಚೂರನ್ನು ಚೀಲಕ್ಕೆ ಹಾಕಿಕೊಂಡಿದ್ದರೆ ಹೇಳಿ.