ರಾಟ್‌ವೀಲರ್ ಮನೆಯ ಕಪಾಟಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲಿರಿ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ‘ನೇಬರ್ಸ್ ಬ್ಯಾಕ್ ಫ್ರಮ್ ಹೆಲ್’ ಎಂಬ ವಿಡಿಯೊ ಗೇಮ್ ಕೊಳ್ಳಬೇಕೆಂದಿದ್ದೀರಿ, ಅದರ ಹಳೆಯ ರೂಪವನ್ನು ಎಂದೂ ಆಡಿಲ್ಲ. ಆಡಿದವರಲ್ಲಿ ಒಂದು ಗುಂಪು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದೆ, ಇನ್ನೊಂದು ಗುಂಪು ಅರ್ಧ ಗಂಟೆಗೇ ಬೇಸರವಾಯಿತು ಎನ್ನುತ್ತಿದೆ. ಯಾರನ್ನು ನಂಬುವುದು?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಮಾತೂ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮೆರೆಸುವವರಲ್ಲಿ ಬಹುಪಾಲು ಜನ ತಮ್ಮ ಬಾಲ್ಯಕ್ಕೆ ಅಂಕ ಕೊಡುತ್ತಿದ್ದಾರೆ. ಬೇಸತ್ತವರು ಜಾಹೀರಾತಿನ ತುಣುಕು ನೋಡಿ, ಇದು ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಗದ್ದಲದ ಆಟವೆಂದು ಬಂದವರು. ನಾನು ಹಳೆಯದನ್ನೂ ಆಡಿದ್ದೇನೆ, ಹೊಸದನ್ನೂ ಮುಗಿಸಿದ್ದೇನೆ. ಮೊದಲ ಗುಂಪಿನ ಕಡೆಗೆ ನನ್ನ ಒಲವಿದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಮೂಲ ‘ನೇಬರ್ಸ್ ಫ್ರಮ್ ಹೆಲ್’ ಬಂದದ್ದು 2003ರಲ್ಲಿ, ಆಸ್ಟ್ರಿಯಾದ ಜೋವುಡ್ ಸಂಸ್ಥೆಯಿಂದ. ಮರುವರ್ಷವೇ ಪ್ರವಾಸದ ಕಥೆಯುಳ್ಳ ಎರಡನೆಯ ಭಾಗ ಬಂತು. 2011ರಲ್ಲಿ ಜೋವುಡ್ ದಿವಾಳಿಯಾಗಿ, ಅದರ ಆಟಗಳ ಹಕ್ಕುಗಳು ಈಗ ಟಿಎಚ್‌ಕ್ಯೂ ನಾರ್ಡಿಕ್ ಎಂದು ಕರೆಯುವ ಕಂಪನಿಯ ಕೈ ಸೇರಿದವು. ಅದೇ ಬಳಗದ, ಜರ್ಮನಿಯ ಹ್ಯಾಂಡಿಗೇಮ್ಸ್ 2020ರ ಅಕ್ಟೋಬರ್‌ನಲ್ಲಿ ಎರಡೂ ಭಾಗಗಳನ್ನು ಒಟ್ಟುಗೂಡಿಸಿ ಈ ಪರಿಷ್ಕೃತ ರೂಪವನ್ನು ಹೊರತಂದಿತು. ಕಂಪ್ಯೂಟರ್ ಜೊತೆಗೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮತ್ತು ನಿಂಟೆಂಡೊ ಸ್ವಿಚ್‌ನಲ್ಲೂ ಅದು ಸಿಗುತ್ತದೆ.

ಕಥೆ ಎಂದು ಹೇಳಿಕೊಳ್ಳುವಂಥದ್ದೇನಿಲ್ಲ. ವುಡಿ ಎಂಬ ತರುಣನಿಗೆ ರಾಟ್‌ವೀಲರ್ ಎಂಬ ಸಿಡುಕು ಮೋರೆಯ, ಡೊಳ್ಳು ಹೊಟ್ಟೆಯ ನೆರೆಯವ. ಅವನ ಮನೆಯಲ್ಲಿ ಗುಟ್ಟಾಗಿ ಕ್ಯಾಮೆರಾಗಳನ್ನಿಟ್ಟು ಅವನ ಪಾಡನ್ನೆಲ್ಲ ಟಿವಿ ಕಾರ್ಯಕ್ರಮವಾಗಿ ತೋರಿಸಲಾಗುತ್ತಿದೆ. ವುಡಿ ಕದ್ದು ಒಳನುಗ್ಗಿ ಕುಚೇಷ್ಟೆ ಮಾಡುತ್ತಾನೆ, ಕಾಣದ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಅವರ ಮೆಚ್ಚುಗೆ ಶೇಕಡಾ ಲೆಕ್ಕದಲ್ಲಿ ಏರುತ್ತದೆ. ಮನೆ ಬೊಂಬೆ ಮನೆಯಂತೆ: ಎದುರಿನ ಗೋಡೆಯನ್ನು ಕಿತ್ತಿಟ್ಟು ಒಳಗಿನ ಕೋಣೆಗಳನ್ನು ಸಾಲಾಗಿ ತೋರಿಸಿದ ಹಾಗೆ. ಮನುಷ್ಯರು ಜೇಡಿಮಣ್ಣಿನಲ್ಲಿ ಮಾಡಿದವರಂತೆ ಕಾಣುತ್ತಾರೆ. ಮಾತಿಲ್ಲ, ಗೊಣಗಾಟ, ಗುರುಗುಟ್ಟುವಿಕೆ, ಕಿರುಚಾಟ ಮಾತ್ರ. ಯಾವ ಭಾಷೆಯವರಿಗೂ ಅರ್ಥವಾಗುವ ಹಾಸ್ಯ. ಇದು ರಷ್ಯಾದಂಥ ದೇಶಗಳಲ್ಲಿ ಮನೆಮಾತಾಗಲು ಅದೂ ಒಂದು ಕಾರಣವಿರಬೇಕು.

ಈಗ ಬೇಸತ್ತವರ ಮಾತಿಗೆ ಬರುತ್ತೇನೆ. ಅವರು ಆಡಿದ ಬಗೆಯನ್ನು ನಾನು ಊಹಿಸಬಲ್ಲೆ, ಏಕೆಂದರೆ ಮೊದಲ ಸಲ ನಾನೂ ಹಾಗೆಯೇ ಆಡಿದ್ದೆ. ಒಳಗೆ ಹೋಗು, ಸಿಕ್ಕ ಡ್ರಾಯರನ್ನೆಲ್ಲ ತೆರೆ, ಕೈಗೆ ಬಂದ ವಸ್ತುವನ್ನು ಕಂಡ ಜಾಗದಲ್ಲಿ ಪ್ರಯೋಗಿಸು, ನೆರೆಯವನ ಕೈಗೆ ಸಿಕ್ಕಿ ಹೊಡೆತ ತಿನ್ನು, ಮತ್ತೆ ಮೊದಲಿನಿಂದ ಶುರುಮಾಡು. ಹೀಗೆ ಆಡಿದರೆ ಆಟ ನಿಜಕ್ಕೂ ನೀರಸ. ಐದಾರು ಸಲ ಅದೇ ಕೋಣೆ, ಅದೇ ಸಂಗೀತ, ಅದೇ ಹೊಡೆತ.

ಆಟದ ಮರ್ಮ ಇರುವುದು ನೆರೆಯವನ ದಿನಚರಿಯಲ್ಲಿ. ರಾಟ್‌ವೀಲರ್ ಸುಮ್ಮನೆ ಓಡಾಡುವುದಿಲ್ಲ. ಟಿವಿ ಮುಂದೆ ಕೂರುತ್ತಾನೆ, ಎದ್ದು ಅಡುಗೆಮನೆಗೆ ಹೋಗುತ್ತಾನೆ, ಅಲ್ಲಿಂದ ಬಚ್ಚಲಿಗೆ, ಮತ್ತೆ ಟಿವಿಗೆ. ಗಾಣದ ಎತ್ತಿನಂತೆ ಅದೇ ಸುತ್ತು. ಮುಂದೆ ಏನು ಮಾಡಲಿದ್ದಾನೆಂಬುದು ಪರದೆಯ ಮೂಲೆಯ ಒಂದು ಚಿತ್ರದಲ್ಲಿ ಕಾಣುತ್ತಿರುತ್ತದೆ. ನೀವು ಕಪಾಟಿನೊಳಗೋ ಮಂಚದ ಕೆಳಗೋ ಅಡಗಿ, ಅವನು ಕಣ್ಣಮುಂದೆಯೇ ಹಾದುಹೋಗುವುದನ್ನು ನೋಡುತ್ತ, ಆ ಸುತ್ತನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಕೀಟಲೆ ಆಮೇಲಿನ ಮಾತು.

ಇನ್ನೊಂದು ಸೂಕ್ಷ್ಮವಿದೆ. ಬಿಡಿಬಿಡಿ ಕುಚೇಷ್ಟೆಗಳಿಗೆ ಅಂಕ ಕಡಿಮೆ. ನೆರೆಯವನ ಸಿಟ್ಟಿಗೆ ಒಂದು ಮಾಪಕವಿದೆ, ಜ್ವರದ ಥರ್ಮಾಮೀಟರಿನಂಥದ್ದು. ಒಂದು ಏಟು ಬಿದ್ದಾಗ ಅದು ಏರುತ್ತದೆ, ಬಿಟ್ಟರೆ ಮೆಲ್ಲನೆ ಇಳಿಯುತ್ತದೆ. ಅದು ಇಳಿದು ತಣ್ಣಗಾಗುವ ಮೊದಲೇ ಎರಡನೆಯ ಏಟು, ಅದರ ಬಿಸಿ ಆರುವ ಮುಂಚೆ ಮೂರನೆಯದು ಬಿದ್ದರೆ ಪ್ರೇಕ್ಷಕರು ಹುಚ್ಚೆದ್ದು ಚಪ್ಪಾಳೆ ಹೊಡೆಯುತ್ತಾರೆ. ಆದ್ದರಿಂದ ಕೈಯಲ್ಲಿರುವುದನ್ನು ತಕ್ಷಣ ಖರ್ಚು ಮಾಡುವವನು ಇಲ್ಲಿ ಸೋಲುತ್ತಾನೆ. ಕೂಡಿಟ್ಟು ಒಮ್ಮೆಲೇ ಸಿಡಿಸುವವನು ಗೆಲ್ಲುತ್ತಾನೆ.

ನನಗೆ ಈ ಗುಟ್ಟು ಹೊಳೆದ ಸಂಜೆ ಚೆನ್ನಾಗಿ ನೆನಪಿದೆ. ನೆಲಕ್ಕೆ ಸುರಿಯಲು ಗೋಲಿಗಳಿದ್ದವು, ಮೈಕ್ರೋವೇವ್‌ಗೆ ಇಡಲು ಮೊಟ್ಟೆಗಳಿದ್ದವು, ಗೋಡೆಯ ಮೇಲಿನ ಅವನ ತಾಯಿಯ ಭಾವಚಿತ್ರಕ್ಕೆ ಗೀಚಲು ಪೆನ್ನಿತ್ತು. ಅದುವರೆಗೆ ಒಂದೊಂದನ್ನೂ ಸಿಕ್ಕ ಸಿಕ್ಕ ಹಾಗೆ ಮುಗಿಸಿ, ಪ್ರತಿ ಸಲವೂ ಪಾಸಾಗುವಷ್ಟು ಮಾತ್ರ ಅಂಕ ಪಡೆಯುತ್ತಿದ್ದೆ. ಆ ಸಂಜೆ ಏನನ್ನೂ ಮುಟ್ಟದೆ ಕಪಾಟಿನಲ್ಲಿ ನಿಂತೆ. ಒಂದು ಸುತ್ತು ನೋಡಿದೆ, ಎರಡನೆಯದನ್ನೂ ನೋಡಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕ “ಆಟ ನಿಂತುಹೋಗಿದೆಯೇ?” ಎಂದು ಕೇಳಿದಳು. ನಿಂತಿರಲಿಲ್ಲ, ನಾನು ಲೆಕ್ಕ ಹಾಕುತ್ತಿದ್ದೆ. ಅವನು ಬೆನ್ನು ತಿರುಗಿಸಿದ ಪ್ರತಿ ಗಳಿಗೆಯಲ್ಲೂ ಒಂದೊಂದನ್ನು ಹೊಂಚಿಟ್ಟು ಮತ್ತೆ ಕಪಾಟು ಸೇರಿದೆ. ಆಮೇಲೆ ನಾನು ಮಾಡಬೇಕಾದ್ದೇನೂ ಉಳಿದಿರಲಿಲ್ಲ. ಅವನು ಎಂದಿನ ದಾರಿ ಹಿಡಿದ, ದಾರಿಯುದ್ದಕ್ಕೂ ಒಂದರ ಹಿಂದೆ ಒಂದು ಏಟು ತಿಂದ, ಕೊನೆಗೆ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಕಪಾಟಿನ ಕತ್ತಲಲ್ಲಿ ನಿಂತು ಅದನ್ನು ನೋಡುವ ಸುಖವನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ.

ಹಾಗಾಗಿ ಕೊಳ್ಳಬೇಕೇ ಬೇಡವೇ ಎಂಬುದಕ್ಕೆ ನಾನು ಮರಳಿ ಕೇಳುವ ಪ್ರಶ್ನೆ ಒಂದೇ: ಕಪಾಟಿನಲ್ಲಿ ಸುಮ್ಮನೆ ನಿಂತು ಇನ್ನೊಬ್ಬನ ದಿನಚರಿಯನ್ನು ನೋಡುವ ತಾಳ್ಮೆ ನಿಮಗಿದೆಯೇ? ಇದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಇದು ನಿಮ್ಮ ಆಟವಲ್ಲ.

ಇನ್ನು ಹೊಸ ರೂಪದ ಬಗ್ಗೆ. ಇಲ್ಲಿ ಹಳೆಯ ಆಟಗಾರರೊಳಗೇ ಜಗಳವಿದೆ. ಚಿತ್ರಗಳನ್ನು ಹೊಸದಾಗಿ ಬಿಡಿಸಿಲ್ಲ. ಹಳೆಯವನ್ನೇ ಪೂರ್ಣ ಎಚ್‌ಡಿ ಪರದೆಗೆ ಹಿಗ್ಗಿಸಿದ್ದಾರೆ. ಚಲನೆ ನಯವಾಗಿ ಕಾಣಲೆಂದು ಅದರ ಚೌಕಟ್ಟುಗಳನ್ನು (ಫ್ರೇಮ್‌ಗಳನ್ನು) ಇಮ್ಮಡಿಗೊಳಿಸಿದ್ದಾರೆ. ಕಂಟ್ರೋಲರ್‌ನಲ್ಲಿ ಆಡಲು ಅನುಕೂಲ ಮಾಡಿದ್ದಾರೆ. ಅಂದರೆ ಹಳೆಯ ಮನೆಗೆ ಸುಣ್ಣಬಣ್ಣ ಬಳಿದಿದ್ದಾರೆಯೇ ಹೊರತು ಕೋಣೆ ಕಟ್ಟಿಸಿಲ್ಲ. “ಹೊಸ ಕುಚೇಷ್ಟೆ ಒಂದೂ ಇಲ್ಲ, ಮತ್ತೆ ಏಕೆ ದುಡ್ಡು ಕೊಡಬೇಕು” ಎಂದು ಹಳಬರು ಗೊಣಗುವುದು ನ್ಯಾಯವೇ. ಆದರೆ ನಿಮಗೆ ಎಲ್ಲವೂ ಹೊಸದೇ ಆಗಿರುವುದರಿಂದ ಆ ದೂರನ್ನು ನೀವು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ನನ್ನ ತಕರಾರು ಬೇರೆ, ಬಹುಶಃ ಕೆಲವರಿಗೆ ವಿಚಿತ್ರವೆನಿಸಬಹುದು: ಚಲನೆ ನಯವಾಗಿರುವುದೇ ನನಗೆ ಪೂರ್ತಿ ಹಿಡಿಸಲಿಲ್ಲ. ಹಳೆಯ ಆಟದಲ್ಲಿ ರಾಟ್‌ವೀಲರ್ ಜಾರಿ ಬೀಳುವಾಗ ನಡುವಿನ ಒಂದೆರಡು ಚಿತ್ರಗಳು ಬಿಟ್ಟುಹೋದಂತೆ ಕಾಣುತ್ತಿತ್ತು. ನಿಂತಿದ್ದಾನೆ, ಅರೆಕ್ಷಣದಲ್ಲಿ ಗಾಳಿಯಲ್ಲಿದ್ದಾನೆ, ನೆಲದಲ್ಲಿದ್ದಾನೆ. ಮಣ್ಣಿನ ಬೊಂಬೆಯನ್ನು ಕೈಯಿಂದ ಒಂದೊಂದೇ ಸಲ ಸರಿಸಿ ಚಿತ್ರ ತೆಗೆದಾಗ ಬರುವ ಆ ಎಗರಾಟ ಈ ಹಾಸ್ಯದ ಅರ್ಧ ಜೀವ. ಈಗ ಅವನು ನೀರಿನಂತೆ ಹರಿದು ಬೀಳುತ್ತಾನೆ. ಕಣ್ಣಿಗೆ ಹಿತ, ಆದರೆ ನಗು ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಇದನ್ನು ಅಕ್ಕನಿಗೆ ವಿವರಿಸಹೋದಾಗ “ನಿನಗೆ ವಯಸ್ಸಾಯಿತು” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಇರಬಹುದು.

ಹಿಗ್ಗಿಸಿದ ಚಿತ್ರಗಳ ಕೆಲವು ಅಂಚುಗಳು ಎಣ್ಣೆ ಸವರಿದಂತೆ ಮೆತ್ತಗಾಗಿವೆ ಎಂಬ ದೂರೂ ಇದೆ. ದೊಡ್ಡ ಟಿವಿಯಲ್ಲಿ ಹತ್ತಿರ ಕೂತು ಹುಡುಕಿದರೆ ಕಾಣುತ್ತದೆ. ಆಡುವಾಗ ಅದನ್ನು ಯಾರು ನೋಡುತ್ತಾರೆ? ಹಳೆಯದು ಇಂದಿನ ಅಗಲ ಪರದೆಗಳು ಬರುವ ಮುಂಚಿನ ಆಟ ಎಂಬುದನ್ನು ನೆನೆದರೆ, ಎರಡೂ ಭಾಗ ಈಗ ಯಾವ ಕಸರತ್ತೂ ಇಲ್ಲದೆ ಪರದೆ ತುಂಬ ತೆರೆದುಕೊಳ್ಳುವುದೇ ದೊಡ್ಡ ಉಪಕಾರ. ಸಂಗೀತ ಹಳೆಯದೇ, ಪುಣ್ಯಕ್ಕೆ. ಬೆಕ್ಕಿನ ಹೆಜ್ಜೆಗೆ ತಾಳ ಹಾಕಿದಂಥ ಆ ರಾಗ ಆಟ ಮುಚ್ಚಿದ ಮೇಲೂ ಎರಡು ದಿನ ತಲೆಯಲ್ಲಿ ಸುತ್ತುತ್ತದೆ.

ಮೌಸೋ ಕಂಟ್ರೋಲರೋ ಎಂಬ ಗೊಂದಲವಿದ್ದರೆ, ಕಂಪ್ಯೂಟರ್ ಇದ್ದವರು ಮೌಸ್ ಹಿಡಿಯಲಿ. ಇದು ಮೌಸ್‌ಗಾಗಿಯೇ ಹುಟ್ಟಿದ ಆಟ.

ಎರಡು ಭಾಗಗಳಲ್ಲಿ ಯಾವುದು ಮೇಲು ಎಂಬುದು ಅಭಿಮಾನಿಗಳು ಸದಾ ಕಿತ್ತಾಡುವ ವಿಷಯ. ಮೊದಲನೆಯದು ಇಡೀ ಒಂದೇ ಮನೆಯೊಳಗೆ ನಡೆಯುತ್ತದೆ. ಮುಂದೆ ಹೋದಂತೆ ನಾಯಿ, ಗಿಳಿಗಳು ಕಾವಲಿಗೆ ಬರುತ್ತವೆ. ಅವುಗಳ ಪಕ್ಕದಲ್ಲಿ ತುದಿಗಾಲಲ್ಲಿ ನಡೆಯದಿದ್ದರೆ ಎಚ್ಚೆತ್ತು ಕೂಗಿ ಯಜಮಾನನನ್ನು ಕರೆಯುತ್ತವೆ. ಒಮ್ಮೆ ಸಿಕ್ಕಿಬಿದ್ದರೆ ಆ ಕಂತು, ಅಂದರೆ ಆಟದ ಆ ಹಂತ, ಮುಗಿಯಿತು. ಎರಡನೆಯದರಲ್ಲಿ ಹಡಗು, ಚೀನಾ, ಭಾರತ, ಮೆಕ್ಸಿಕೊ ಎಂದು ಸುತ್ತಾಟ. ಅಲ್ಲಿ ರಾಟ್‌ವೀಲರ್‌ನ ತಾಯಿಯೂ ಜೊತೆಗಿದ್ದಾಳೆ, ಅವನು ಮನಸ್ಸಿಟ್ಟ ಓಲ್ಗಾ ಎಂಬ ಹೆಂಗಸೂ ಇದ್ದಾಳೆ. ತಾಯಿಯ ಎದುರು ಅವನು ಬಾಲ ಮುದುರಿದ ನಾಯಿ. ಅವಳ ಕೈಗೆ ಸಿಕ್ಕರೂ ವುಡಿಗೆ ಒದೆ ತಪ್ಪಿದ್ದಲ್ಲ. ಹೀಗೆ ಎರಡೆರಡು ದಿನಚರಿಗಳನ್ನು ಒಟ್ಟಿಗೆ ಲೆಕ್ಕ ಹಾಕಬೇಕಾಗುವುದರಿಂದ ಒಗಟು ಹೆಚ್ಚು ಜಟಿಲ, ನೋಟವೂ ಹೆಚ್ಚು ವರ್ಣಮಯ.

ಆದರೂ ನನ್ನ ಮತ ಮೊದಲನೆಯದಕ್ಕೆ. ಮನೆ ಎಂಬುದು ಮನುಷ್ಯ ಯಾರ ಹಂಗೂ ಇಲ್ಲದೆ ಮೈಮರೆತಿರುವ ಜಾಗ. ಅಲ್ಲಿಯೇ ಅವನಿಗೆ ನೆಮ್ಮದಿ ಸಿಗದಂತೆ ಮಾಡುವುದರಲ್ಲಿ ಇರುವ ಕಿಡಿಗೇಡಿತನ ಹಡಗಿನ ಮೇಲೆ ಬರುವುದಿಲ್ಲ. ಮೇಲಾಗಿ ಎರಡನೆಯದರ ದೇಶಗಳೆಲ್ಲ ಆ ಕಾಲದ ಯುರೋಪಿನ ಪ್ರವಾಸಿ ಕೊಂಡೊಯ್ಯುವ ಬಣ್ಣದ ಕಾರ್ಡುಗಳಂತಿವೆ, ಭಾರತವೂ ಸೇರಿ. ನನಗೇನೂ ಸಿಟ್ಟು ಬರಲಿಲ್ಲ, ಆದರೆ ಊರನ್ನೇ ತಮಾಷೆಯ ಸರಕು ಮಾಡಿದ ಕಡೆಗಳಲ್ಲಿ ನಗು ತುಸು ಸಪ್ಪೆಯಾಯಿತು. ರಾಟ್‌ವೀಲರ್ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬೀಳುವುದಕ್ಕೆ ಇಂಥ ಯಾವ ಊರುಗೋಲೂ ಬೇಕಿಲ್ಲ.

ದೂರುಗಳಲ್ಲಿ ನಾನು ತಳ್ಳಿಹಾಕಲಾರದ್ದು ಒಂದಿದೆ: ಆಟ ಚಿಕ್ಕದು. ದಾರಿ ತಿಳಿದ ಮೇಲೆ ಒಂದೊಂದು ಕಂತು ಕೆಲವೇ ನಿಮಿಷಗಳದ್ದು, ಮನಸ್ಸು ಮಾಡಿದರೆ ಒಂದು ವಾರಾಂತ್ಯದಲ್ಲಿ ಎರಡೂ ಭಾಗ ಮುಗಿಯುತ್ತವೆ. ಗುಟ್ಟು ತಿಳಿದ ಒಗಟನ್ನು ಮತ್ತೆ ಬಿಡಿಸುವ ಉತ್ಸಾಹವೂ ಉಳಿಯುವುದಿಲ್ಲ. ಪಾಸಾಗುವಷ್ಟಕ್ಕೆ ತೃಪ್ತಿಪಡದೆ ನೂರಕ್ಕೆ ನೂರು ಗಳಿಸಲು ಹೊರಟವರಿಗೆ ಮಾತ್ರ ಹೊತ್ತು ಸಾಲುವುದಿಲ್ಲ. ಆದ್ದರಿಂದ ಪೂರ್ಣ ಬೆಲೆಗೆ ಅವಸರ ಬೇಡ. ರಿಯಾಯಿತಿ ಬಂದಾಗ ಕೊಳ್ಳಿ. ಕೊಂಡ ಮೇಲೆ ಮೊದಲ ಕಂತಿನಲ್ಲಿ ಏನನ್ನೂ ಮುಟ್ಟದೆ ಅವನ ಎರಡು ಸುತ್ತುಗಳನ್ನು ನೋಡಿ. ಬಿಡಿಸುವ ದಾರಿಯನ್ನು ತೋರಿಸುವ ವಿಡಿಯೊಗಳ ಹತ್ತಿರ ಸುಳಿಯಬೇಡಿ, ಅಲ್ಲಿ ಕಂಡುಬಿಟ್ಟರೆ ಆಟದಲ್ಲಿ ಉಳಿಯುವುದು ನಡಿಗೆ ಮಾತ್ರ.

“ಪಾಪ, ಅವನು ಮಾಡಿದ ತಪ್ಪಾದರೂ ಏನು?” ಎಂದು ಕೇಳುವವರೂ ಆಟಗಾರರಲ್ಲಿ ಇದ್ದಾರೆ. ಅದು ಹಗುರವಾದ ಮಾತಲ್ಲ. ಆಟ ಅವನನ್ನು ದುಷ್ಟ ಎಂದು ನಂಬಿಸಲು ಹೆಚ್ಚೇನೂ ಕಷ್ಟಪಡುವುದಿಲ್ಲ. ಅವನ ಮುಖಲಕ್ಷಣವೇ ಸಾಕು ಎಂದುಕೊಂಡಂತಿದೆ. ಚಿಕ್ಕವನಿದ್ದಾಗ ನನಗೂ ಸಾಕಾಗಿತ್ತು. ಈಗ ಹೊಸ ರೂಪದಲ್ಲಿ ಅವನು ದಣಿದು ಸೋಫಾದ ಮೇಲೆ ಕೂರುವುದನ್ನು ಕಪಾಟಿನಿಂದ ನೋಡುವಾಗ, ಗೋಲಿ ಸುರಿಯುವ ಮುನ್ನ ಒಂದು ಗಳಿಗೆ ಕೈ ತಡೆಯುತ್ತದೆ. ಆಮೇಲೆ ಸುರಿಯುತ್ತೇನೆ, ಅದು ಬೇರೆ ಮಾತು.

ಅಕ್ಕ ಹಾಗಲ್ಲ. ಅವಳೂ ಆಡುತ್ತಾಳೆ, ನನಗಿಂತ ಚುರುಕಾಗಿಯೇ. ಆದರೆ ಆ ತಾಯಿಯ ಭಾವಚಿತ್ರವನ್ನು ಇಂದಿಗೂ ಮುಟ್ಟುವುದಿಲ್ಲ. ಅದೊಂದನ್ನು ಬಿಟ್ಟರೆ ನೂರಕ್ಕೆ ನೂರು ಬರುವುದಿಲ್ಲ ಎಂದರೆ, “ಬರದಿದ್ದರೆ ಬೇಡ” ಎಂದು ಮುಂದಿನ ಕಂತಿಗೆ ಹೋಗುತ್ತಾಳೆ.